ಉಗರಗೋಳದ ಕಾಂತೇಶನ ಪಾದಗಳು

ಭಾಗ್ಯಾಳಿಗೆ ಒಂದು ಚಿಂತೆ ಹತ್ತಿಕೊಂಡಿತ್ತು. ಅದನ್ನು ಯಾರ ಮುಂದೂ ಹೇಳುವಂತಿರಲಿಲ್ಲ. ಹೇಳುವಂತಿದ್ದರೂ ಅವಳು ಹೇಳುತ್ತಿರಲಿಲ್ಲ. ಹೀಗಾಗಿ ಹಿತ್ತಲ ಕಟ್ಟೆಯ ಮೇಲೆ ಕುಳಿತು, ಮಡಿಲಲ್ಲಿ ಕ್ಯಾಮೆರಾ ಇಟ್ಟುಕೊಂಡು, ತನಗೆ ತಾನೇ ಒಪ್ಪಿಕೊಂಡಳು. ಇಷ್ಟು ದಿನ ತಾನು ತೆಗೆದ ಕಬಡ್ಡಿ ಫೋಟೋಗಳಲ್ಲಿ ಒಂದರಲ್ಲೂ ಮುಖವಿಲ್ಲ. ಬರೀ ಕಾಲು.

ಕಾಲಿನ ಮಟ್ಟಿಗೆ ಹೇಳುವುದಾದರೆ ಅವಳನ್ನು ಮೀರಿಸುವವರು ಬೆಳಗಾವಿ ಜಿಲ್ಲೆಯಲ್ಲಿ ಇರಲಿಕ್ಕಿಲ್ಲ. ಧೂಳೆಬ್ಬಿಸುವ ಕಾಲು, ಜಾರುವ ಕಾಲು, ಮತ್ತೊಬ್ಬನ ಕೈಗೆ ಸಿಕ್ಕು ಒದ್ದಾಡುವ ಕಾಲು, ಎಲ್ಲ ಇದ್ದವು. ಆದರೆ ಮೈದಾನದ ಗೆರೆಯ ಪಕ್ಕ ನೆಲಕ್ಕೆ ಕುಳಿತು ಲೆನ್ಸ್ ಎತ್ತಿದರೆ, ಅದು ಗಂಡಸರ ಮುಖದ ಎತ್ತರಕ್ಕೆ ಬಂದ ಕೂಡಲೇ ಅವಳ ಕೈ ತಾನಾಗಿಯೇ ಕೆಳಗಿಳಿಯುತ್ತಿತ್ತು. ಬಿ.ಎ. ಮುಗಿಸಿದ ಕೈ, ಆದರೂ ಇಳಿಯುತ್ತಿತ್ತು.

ಹಾಗೆ ನೋಡಿದರೆ ಅವಳು ಆಟದ ಫೋಟೋ ಹಿಡಿದದ್ದೇ ನಾಚಿಕೆಯ ದೆಸೆಯಿಂದ. ಮೊದಲು ಬೈಲಹೊಂಗಲದ ಒಂದು ಸ್ಟುಡಿಯೋದವರು ಅವಳನ್ನು ಮದುವೆಗೆ ಕರೆದೊಯ್ದಿದ್ದರು. ಮದುವೆಯ ಫೋಟೋ ತೆಗೆಯಬೇಕಾದರೆ ಗಂಟಲು ಬೇಕು. ಸರೀರಿ, ಕುಂದರ್ರಿ, ನಗ್ರಿ, ಇನ್ನೊಮ್ಮಿ ಅಕ್ಕಿಕಾಳ ಹಾಕ್ರಿ ಎಂದು ಕೂಗಬೇಕು. ತಾಳಿ ಕಟ್ಟುವ ಹೊತ್ತಿಗೆ ಮದುಮಗಳ ಸೋದರಮಾವ ಕ್ಯಾಮೆರಾಕ್ಕೆ ಅಡ್ಡ ನಿಂತ. ಸರಿಯಿರಿ ಎಂದು ಹೇಳಲು ಭಾಗ್ಯಾಳ ಬಾಯಿ ಬರಲಿಲ್ಲ. ಆ ಮನೆಯ ಆಲ್ಬಮ್ಮಿನಲ್ಲಿ ಇವತ್ತಿಗೂ ತಾಳಿ ಕಟ್ಟುವ ಫೋಟೋ ಎಂದರೆ ಸೋದರಮಾವನ ಬೆನ್ನು. ಆಟದಲ್ಲಿ ಯಾರಿಗೂ ಏನೂ ಹೇಳಬೇಕಾಗಿಲ್ಲ, ಅವರಷ್ಟಕ್ಕೆ ಅವರು ಆಡುತ್ತಾರೆ ಎಂದು ಅವಳು ಈ ಕಡೆ ಬಂದಳು.

ಅವಳ ಅಪ್ಪ ಜಟ್ಟೆಪ್ಪ ಬಸ್ ಕಂಡಕ್ಟರ್. ಮಗಳ ಉದ್ಯೋಗವನ್ನು ಆತ “ಪ್ರೊಫೆಶನಲ್, ಸ್ಪೋರ್ಟ್ಸ್, ಫೋಟೋಗ್ರಾಫರ್” ಎಂದು ಮೂರು ನಿಲ್ದಾಣಗಳ ಹೆಸರು ಕೂಗಿದ ಹಾಗೆ ಕೂಗಿ ಹೇಳುತ್ತಿದ್ದ. ಕೇಳಿದವರು ಇಳಿಯಬೇಕೋ ಕೂಡಬೇಕೋ ತಿಳಿಯದೆ ತಲೆಯಾಡಿಸುತ್ತಿದ್ದರು.

ಚಿಂತೆಗೆ ಕಾರಣ ಬೆಳಗಾವಿಯ ಒಂದು ಪತ್ರಿಕೆಯ ಕ್ರೀಡಾಪುಟದವರು ಮೊಬೈಲಿಗೆ ಕಳಿಸಿದ ಸಂದೇಶ. ‘ಕಾಲುಗಳು ಚೆನ್ನಾಗಿವೆ. ಆದರೆ ಯಾರ ಕಾಲು ಎಂದು ಓದುಗರು ಕೇಳಿದರೆ ನಾವೇನು ಹೇಳೋಣ? ಗಾಳಿಯಲ್ಲಿರುವ ಇಡೀ ಆಟಗಾರ ಬೇಕು, ಮುಖಸಮೇತ. ಈ ಟೂರ್ನಿಯ ಫೈನಲ್ ಮುಗಿಯುವುದರೊಳಗೆ ಅಂಥದ್ದೊಂದು ಕಳಿಸಿದರೆ ಬೈಲಹೊಂಗಲ, ಸವದತ್ತಿ, ರಾಮದುರ್ಗದ ಆಟಗಳೆಲ್ಲ ಇನ್ನು ಮುಂದೆ ನಿಮಗೇ.’

ಗಾಳಿಯಲ್ಲಿರುವ ಇಡೀ ಆಟಗಾರ ಆ ಸೀಮೆಯಲ್ಲಿ ಒಬ್ಬನೇ ಇದ್ದ. ಸವದತ್ತಿ ತಂಡದ ರೇಡರ್, ಉಗರಗೋಳದ ಕಾಂತೇಶ. ಎದುರಿನವರು ಸುತ್ತುಗಟ್ಟಿದರೆ ಅವನು ಅವರ ನಡುವೆ ನುಸುಳುತ್ತಿರಲಿಲ್ಲ, ತಲೆಯ ಮೇಲಿಂದ ಜಿಗಿದು ಬರುತ್ತಿದ್ದ.

ಯರಗಟ್ಟಿಯಲ್ಲಿ ಪಂದ್ಯವಿದ್ದ ದಿನ ಭಾಗ್ಯಾ ಮನಸ್ಸು ಗಟ್ಟಿಮಾಡಿಕೊಂಡು ಹೋದಳು. ಕಾಂತೇಶ ರೇಡಿಗೆ ಬಂದ. ಮೂವರು ಅವನ ಮೇಲೆ ಬಿದ್ದರು. ಅವನು ನೆಲ ಬಿಟ್ಟ. ಭಾಗ್ಯಾ ಲೆನ್ಸ್ ಎತ್ತಿದಳು, ಗುಂಡಿ ಒತ್ತಿದಳು, ಒತ್ತಿದ ಬೆರಳನ್ನು ತೆಗೆಯಲಿಲ್ಲ. ಜೊತೆಗೆ ನಾಚಿಕೆಗೆ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು. ಬೆರಳು ಒತ್ತಿ ಹಿಡಿದರೆ ಆ ಕ್ಯಾಮೆರಾ ಒಂದರ ಹಿಂದೆ ಒಂದು ತೆಗೆಯುತ್ತಲೇ ಹೋಗುತ್ತದೆ. ಹೊಲಿಗೆ ಮಷೀನು ಓಡಿದ ಹಾಗೆ ಟರ್ರೆಂದು ಸದ್ದಾಯಿತು. ಇಡೀ ಮೈದಾನ ತಿರುಗಿ ನೋಡಿತು. ನಲವತ್ತು ಫೋಟೋ ಬಿದ್ದಿದ್ದವು. ನಲವತ್ತರಲ್ಲೂ ಕಾಲು.

ಇಲ್ಲಿ ನಮ್ಮ ಕಡೆಯ ಪದ್ಧತಿಯನ್ನು ತಿಳಿಸಬೇಕು. ನಮ್ಮಲ್ಲಿ ಫೋಟೋಗ್ರಾಫರ್ ಒಬ್ಬ ಮನುಷ್ಯನಿಗೆ ಒಂದು ಸಲ ಒತ್ತುತ್ತಾನೆ. ಮಂತ್ರಿ ಬಂದರೆ ಎರಡು ಸಲ. ಅಂಥಲ್ಲಿ ವಯಸ್ಸಿಗೆ ಬಂದ ಒಬ್ಬ ಹುಡುಗಿ, ವಯಸ್ಸಿಗೆ ಬಂದ ಒಬ್ಬ ಹುಡುಗನ ಮೇಲೆ ಒಂದೇ ಉಸಿರಿಗೆ ನಲವತ್ತು ಸಲ ಒತ್ತಿದಳೆಂದರೆ ಅದಕ್ಕೆ ಅರ್ಥ ಹೇಳಲು ಪಂಡಿತರು ಬೇಕಾಗಿಲ್ಲ.

ಮರುದಿನ ಜಟ್ಟೆಪ್ಪನ ಬಸ್ಸು ಯರಗಟ್ಟಿಯಿಂದ ಹೊರಟಾಗ ಸುದ್ದಿಯೂ ಅದನ್ನೇ ಹತ್ತಿತು. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದ ಮೇಲೆ ಸುದ್ದಿಗೂ ಪುಕ್ಕಟೆಯಾಗಿದೆ.

“ಒಂದ ಉಸರಿನಾಗ ನಾಕನೂರ ಫೋಟೋ ತಗದಾಳಂತ,” ಎಂದಳು ಕಿಟಕಿಯ ಪಕ್ಕದವಳು.

“ಎಲ್ಲಾ ಒಬ್ಬನವ?”

“ಒಬ್ಬನವ. ಉಗರಗೋಳದ ಬಳೆ ಅಂಗಡಿ ಮರೆವ್ವನ ಮಗನವ. ಆ ಹುಡುಗ ಕೆಳಗ ಇಳಿಯೂತನಾ ತಗದಾಳಂತ.”

ಜಟ್ಟೆಪ್ಪ ಅವಳ ಆಧಾರ್ ಕಾರ್ಡ್ ನೋಡುತ್ತ ತನ್ನ ಅಭಿಪ್ರಾಯವನ್ನೂ ಸೇರಿಸಿದ. “ಈಗಿನ ಹುಡುಗ್ಯಾರಿಗೆ ಹೇಳಾವ್ರ ಕೇಳಾವ್ರ ಇಲ್ದಂಗ ಆಗೈತಿ ಬಿಡ್ರಿ. ಮನ್ಯಾಗ ಅಪ್ಪ ಅನ್ನಾವ ಏನ ಮಾಡತಿರತಾನಂತ?”

“ಅಪ್ಪ ಬಸ್ಸಿನಾಗ ಇರತಾನಂತ್ರಿ. ಬೈಲಹೊಂಗಲದ ಯಾವನೋ ಕಂಡಕ್ಟರ್ ಅಂತ.”

ಜಟ್ಟೆಪ್ಪನ ಸೀಟಿ ಬಾಯಲ್ಲೇ ಉಳಿಯಿತು. ಬಸ್ಸು ಮುರಗೋಡದಲ್ಲಿ ನಿಲ್ಲದೆ ಮುಂದೆ ಹೋಯಿತು. ಅಲ್ಲಿ ಇಳಿಯಬೇಕಾಗಿದ್ದ ಒಬ್ಬ ಮುದುಕ “ನಾನೇನ ತಪ್ಪ ಮಾಡೇನೋ ತಮ್ಮಾ” ಎಂದು ಬೈಲಹೊಂಗಲ ಬರುವತನಕ ಕೇಳುತ್ತಲೇ ಇದ್ದ.

ಮನೆಗೆ ಬಂದ ಜಟ್ಟೆಪ್ಪ ಖಾಕಿ ಅಂಗಿಯನ್ನೂ ಬಿಚ್ಚಲಿಲ್ಲ. “ಭಾಗ್ಯಾ, ನಾಕನೂರ ಫೋಟೋ ತಗದದ್ದ ಖರೇ ಏನು?”

ಭಾಗ್ಯಾಳಿಗೆ ಹೇಳುವುದು ಬಹಳವಿತ್ತು. ಬೆರಳಿನ ವಿಷಯ, ಕ್ಯಾಮೆರಾದ ವಿಷಯ, ಪತ್ರಿಕೆಯ ವಿಷಯ. ಎಲ್ಲ ಸೇರಿ ಬಾಯಿಂದ ಬಂದದ್ದು ಒಂದೇ ಮಾತು. “ನಲವತ್ತ, ಅಪ್ಪಾ.”

“ನಲವತ್ತಂದ್ರ ಕಡಿಮಿ ಆತೇನ?” ಎಂದಳು ಅವಳ ಅವ್ವ ಕಾಡವ್ವ ಒಲೆಯ ಮುಂದಿನಿಂದ. “ನನ್ನ ಲಗ್ನದಾಗ ಒಂದ ತಗದಾರ. ಅದರಾಗೂ ನಿಮ್ಮಪ್ಪ ಕಣ್ಣ ಮುಚ್ಯಾನ.”

ಪಕ್ಕದ ಮನೆಯ ಭಾಗೀರಥಿ ಸಕ್ಕರೆ ಕೇಳಲು ಬಂದವಳು ಬಾಗಿಲಿಗೆ ಒರಗಿ ತೀರ್ಪು ಕೊಟ್ಟಳು. “ಬೈಬ್ಯಾಡ್ರಿ ಅಣ್ಣಾರ. ಬಾಯಿಲೆ ಹೇಳಾಕ ಬರಂಗಿಲ್ಲಂತ ಪಾಪ ಹುಡುಗಿ ಕ್ಯಾಮೆರಾಲೆ ಹೇಳೇತಿ.” ಸಕ್ಕರೆ ಮರೆತು ಹೋದಳು. ಅವಳಿಗೆ ಹೇಳಬೇಕಾದ ಮನೆಗಳು ಇನ್ನೂ ಬಹಳವಿದ್ದವು.

ಆ ರವಿವಾರವೇ ಕಾಂತೇಶನ ಅವ್ವ ಮರೆವ್ವ ಬಂದಳು. ಕೈಯಲ್ಲಿ ಹಸಿರು ಬಳೆಯ ಡಬ್ಬಿ, ಜೊತೆಗೆ ಸವದತ್ತಿ ತಂಡದ ಮ್ಯಾನೇಜರ್ ವೀರಪ್ಪ. ವೀರಪ್ಪನದು ಗೊಬ್ಬರದ ಅಂಗಡಿ. ಬೆಳೆಯಾಗಲಿ ಹುಡುಗರಾಗಲಿ ಹೊತ್ತಿಗೆ ಸರಿಯಾಗಿ ಕೊಡುವುದನ್ನು ಕೊಟ್ಟರೆ ಎದ್ದು ನಿಲ್ಲುತ್ತಾರೆಂದು ನಂಬಿದವನು. ಉಪ್ಪಿಟ್ಟು, ಚಹಾ ಬಂದವು. ಮರೆವ್ವ ಭಾಗ್ಯಾಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

“ಹುಡುಗಿ ಹೆಚ್ಚ ಮಾತಾಡಂಗಿಲ್ಲಂತ ಕೇಳೇನಿ,” ಎಂದಳು. “ಚಲೋ ಆತು. ನಮ್ಮ ಮನ್ಯಾಗ ನಾ ಮಾತಾಡತೇನಿ. ಇಬ್ಬರಿಗೆ ಜಾಗಾ ಸಾಲಂಗಿಲ್ಲ.”

“ನಮ್ಮ ಮನ್ಯಾಗೂ ಹಂಗ ಐತ್ರಿ,” ಎಂದು ಜಟ್ಟೆಪ್ಪ ಹೆಂಡತಿಯ ಕಡೆ ನೋಡಿದವನು, ಅವಳೂ ತನ್ನ ಕಡೆ ನೋಡುತ್ತಿದ್ದುದನ್ನು ಕಂಡು ಉಪ್ಪಿಟ್ಟಿನ ಕಡೆ ನೋಡಿದ.

“ಆ ಫೋಟೋ ಒಂದೀಟ ತೋರಸ್ರಲ್ಲಾ,” ಎಂದಳು ಮರೆವ್ವ. “ನನ್ನ ಮಗನ ಮಾರಿ ಟಿವ್ಯಾಗ ಹೆಂಗ ಕಾಣತೈತಿ ನೋಡೂಣು.”

ಭಾಗ್ಯಾಳಿಗೆ ಒಂದು ಸಮಾಧಾನವಾಯಿತು. ಮಗನ ಮುಖ ನೋಡಲು ಬಂದ ತಾಯಿ ನಲವತ್ತು ಸಲ ಬರೀ ಕಾಲು ನೋಡಿದರೆ ಸಿಟ್ಟಿಗೆದ್ದು ಹೋಗುತ್ತಾಳೆ, ತಾನು ಬಾಯಿ ಬಿಡದೆಯೇ ಪ್ರಕರಣ ಮುಗಿಯುತ್ತದೆ. ಅವಳು ಲಗುಬಗೆಯಿಂದ ಕ್ಯಾಮೆರಾವನ್ನು ಟಿವಿಗೆ ಜೋಡಿಸಿದಳು.

ಪರದೆಯ ತುಂಬ ಒಂದು ಕಾಲು ಬಂತು. ಆಮೇಲೆ ಇನ್ನೊಂದು. ಆಮೇಲೆ ಎರಡೂ. ಅಂಗಾಲು, ಹಿಮ್ಮಡಿ, ಮತ್ತೆ ಅಂಗಾಲು.

“ಕಾಂತೇಶಂದ ಹೌದ್ರಿ,” ಎಂದ ವೀರಪ್ಪ ಕೊನೆಗೆ, ಹೆಣ ಗುರುತಿಸಲು ಕರೆದವನ ಧ್ವನಿಯಲ್ಲಿ. “ಎಡಗಾಲ ಹೆಬ್ಬಟ್ಟಿನ ಉಗರ ಒಡದೈತಿ ನೋಡ್ರಿ.”

ಜಟ್ಟೆಪ್ಪ ಬೆವರಿದ. ಕಾಡವ್ವ ಸೆರಗು ಬಾಯಿಗೆ ಹಿಡಿದಳು. ಮರೆವ್ವ ಕೊನೆಯ ಫೋಟೋದತನಕ ನೋಡಿದಳು. ನೋಡಿ, ಮೆಲ್ಲಗೆ ಕಣ್ಣೊರೆಸಿಕೊಂಡಳು.

“ಮಾರಿ ನೋಡೇ ಇಲ್ಲ,” ಎಂದಳು. “ಪಾದಾ ನೋಡ್ಯಾಳ.”

“ಅಂದ್ರ?” ಎಂದ ಜಟ್ಟೆಪ್ಪ.

“ಅಂದ್ರ ಏನ್ ಬೀಗರ. ಈಗಿನ ಹುಡುಗ್ಯಾರು ಗಂಡಿನ ಮಾರಿ ನೋಡತಾರ, ಬೂಟ ನೋಡತಾರ, ಗಾಡಿ ಯಾವದೈತಿ ನೋಡತಾರ. ನಲವತ್ತ ಸಲಾ ಪಾದ ನೋಡಿದಾಕಿನ್ನ ನಾ ಇವತ್ತ ನೋಡಿದೆ. ಲಗ್ನಕ್ಕಿಂತ ಮೊದಲ ಇಷ್ಟ ಭಕ್ತಿ ಐತಿ, ಲಗ್ನ ಆದ ಮ್ಯಾಲ ನನ್ನ ಮಗನ್ನ ನೆಲಕ್ಕ ಇಡತಾಳೇನ ಈಕಿ?”

ಬೆಳಗಿನಿಂದ ಮಗಳನ್ನು ಬೈಯಲು ಹದಮಾಡಿಕೊಂಡಿದ್ದ ಜಟ್ಟೆಪ್ಪ ಅರೆಗಳಿಗೆಯಲ್ಲಿ ಸಂಸ್ಕಾರವಂತ ಹೆಣ್ಣಿನ ತಂದೆಯಾಗಿಬಿಟ್ಟ. ಅವನ ಬೆನ್ನು ತಾನಾಗಿಯೇ ನೆಟ್ಟಗಾಯಿತು. “ನಾವು ಕಲಿಸಿದ್ದ ಅದನ್ರಿ,” ಎಂದ ಗಂಭೀರವಾಗಿ. “ಸಣ್ಣಾಕಿ ಇದ್ದಾಗಿಂದ ಹೇಳಕೋಂತ ಬಂದೇವಿ. ಏನ ನೋಡಿದ್ರೂ ಕೆಳಗಿಂದ ನೋಡವಾ ಅಂತ.”

“ಅದು ಹಂಗಲ್ರಿ,” ಎಂದಳು ಭಾಗ್ಯಾ. ಸೊಳ್ಳೆಗಾದರೂ ಕೇಳಿಸಬಹುದಾದಷ್ಟು ಗಟ್ಟಿಯಾಗಿ ಹೇಳಿದಳು.

“ನೋಡ್ರಿ, ವಿನಯ ನೋಡ್ರಿ,” ಎಂದು ಮರೆವ್ವ ಅವಳ ಕೈ ಎಳೆದು ಹಸಿರು ಬಳೆ ಏರಿಸಿದಳು. ಬಳೆ ವ್ಯಾಪಾರದವಳ ಕೈ. ಏರಿಸಿದ್ದು ಗೊತ್ತೇ ಆಗಲಿಲ್ಲ, ತೆಗೆಯಲು ಹೋದರೆ ಬರಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ಎರಡು ಮನೆಗಳ ಗೊಂದಲವಾಗಿ ಉಳಿಯುತ್ತಿತ್ತು. ಆದರೆ ಸುದ್ದಿ ಕಾಂತೇಶನನ್ನು ಮುಟ್ಟಿತು.

ಕಾಂತೇಶನ ಕಾಲನ್ನು ಅಲ್ಲಿಯತನಕ ಯಾರೂ ಮೆಚ್ಚಿಕೊಂಡಿರಲಿಲ್ಲ. ಅವನ ಅವ್ವ ಕೂಡ “ಕಾಲ ತೊಳಕೊಂಡ ಒಳಗ ಬಾ” ಎನ್ನುವುದಕ್ಕಷ್ಟೇ ಅವುಗಳ ಹೆಸರು ಎತ್ತುತ್ತಿದ್ದಳು. ಈಗ ಅವನು ಇಟ್ಟಂಗಿ ಚೂರಿನಿಂದ ಹಿಮ್ಮಡಿ ತಿಕ್ಕಿದ, ಕೊಬ್ಬರಿ ಎಣ್ಣೆ ಹಚ್ಚಿದ, ಕಾಲಿನ ಹರಡಿಗೆ ಹೊಸ ಕರಿದಾರ ಕಟ್ಟಿದ. ಮುಂದಿನ ಪಂದ್ಯಕ್ಕೆ ಅಂಕಣದ ಗೆರೆಯ ತನಕ ಚಪ್ಪಲಿ ಹಾಕಿಕೊಂಡೇ ಬಂದ. ಜಿಗಿಯುವುದನ್ನಂತೂ ಬಿಟ್ಟೇಬಿಟ್ಟ. ಜಿಗಿದರೆ ಕಾಲಿಗೆ ಧೂಳು ಮೆತ್ತುತ್ತದೆ, ಮೇಲಾಗಿ ಅವು ಎಲ್ಲೋ ಮೇಲೆ ಹೋಗಿಬಿಡುತ್ತವೆ, ಅವಳಿಗೆ ಸರಿಯಾಗಿ ಕಾಣುವುದಿಲ್ಲ. ಅದರ ಬದಲು ಕಬಡ್ಡಿ ಕಬಡ್ಡಿ ಎನ್ನುತ್ತ ಭಾಗ್ಯಾ ಕುಳಿತ ಮೂಲೆಗೆ ಬರುವುದು, ಎಡಗಾಲನ್ನು ಅವಳ ಕಡೆ ಚಾಚಿ ಹಿಡಿಯುವುದು, ಹಲ್ಲು ಬಿಡುವುದು.

ಚಾಚಿದ ಕಾಲನ್ನು ಕಬಡ್ಡಿಯಲ್ಲಿ ಏನು ಮಾಡುತ್ತಾರೆಂಬುದು ಎಲ್ಲರಿಗೂ ಗೊತ್ತಿದೆ. ಎದುರು ತಂಡದ ಮೂಲೆಯವನು ಸಾವಕಾಶ ಬಗ್ಗಿ, ಮದುವೆಯಲ್ಲಿ ಮಾವ ಅಳಿಯನ ಕಾಲು ತೊಳೆಯಲು ಹಿಡಿದ ಹಾಗೆ ಹಿಡಿಯುತ್ತಿದ್ದ. ಕಾಂತೇಶ ಔಟಾಗುತ್ತಿದ್ದ. ಔಟಾಗಿ ಹೋಗುವಾಗಲೂ ಕಾಲು ನೋಡಿಕೊಳ್ಳುತ್ತಲೇ ಹೋಗುತ್ತಿದ್ದ.

ಉಳಿದ ಆರು ಮಂದಿಯ ಪುಣ್ಯದಿಂದ ಸವದತ್ತಿ ತಂಡ ಹೇಗೋ ಫೈನಲ್ ಮುಟ್ಟಿತು. ಭಾಗ್ಯಾಳ ಫೋಟೋಗಳಲ್ಲಿ ಈಗ ಮುಖವೂ ಬರುತ್ತಿತ್ತು, ಯಾಕೆಂದರೆ ಕಾಂತೇಶ ತಾನೇ ಬಗ್ಗಿ ಅದನ್ನು ಕಾಲಿನ ಪಕ್ಕ ತಂದಿಡುತ್ತಿದ್ದ. ಅವುಗಳಲ್ಲೊಂದನ್ನು ಅವಳು ಹೆದರಿ ಹೆದರಿ ಬೆಳಗಾವಿಗೆ ಕಳಿಸಿದಳು. ಉತ್ತರ ಬಂತು. ‘ಇವರು ಚಪ್ಪಲಿ ಜಾಹೀರಾತಿನವರೇ? ನಮಗೆ ಆಟಗಾರ ಬೇಕಿತ್ತು. ಫೈನಲ್ ಒಂದೇ ಉಳಿದಿದೆ.’

ಫೈನಲ್ಲಿಗೆ ಮುಂಚೆ ವೀರಪ್ಪ ಮತ್ತೆ ಮನೆಗೆ ಬಂದ. ಈ ಸಲ ಮುಖ ಸಣ್ಣಗಾಗಿತ್ತು.

“ಕಂಡಕ್ಟರ್ ಸಾಹೇಬ್ರ, ಹುಡುಗನ ಜೀವ ಕಾಲಾಗ ಇಳದ ಕುಂತೈತಿ,” ಎಂದ. “ಮೈಯಾಗ ಉಳದ ಕಡೆ ಎಲ್ಲೂ ಇಲ್ಲ. ನಿಶ್ಚೇ ಮಾಡಿಬಿಡ್ರಿ. ಮನಸ ನೆಲಿಗೆ ಬಂತಂದ್ರ ಕಾಲ ಮ್ಯಾಲ ಹೋಗತಾವ.”

“ಯಾವಾಗ ಅಂತೀರಿ?”

“ಫೈನಲ್ ದಿನಾನ. ಆಟ ಮುಗದ ಕೂಡಲೆ ಮೈಕಿನಾಗ ಹೇಳಿಬಿಡೂಣು. ಪೆಂಡಾಲ ಐತಿ, ಕುರ್ಚಿ ಅದಾವ, ಹಿರಿಯಾರ ಬಂದಿರತಾರ. ಬ್ಯಾಂಡನವರನ್ನ ಗೆದ್ದವರಿಗಂತ ಕರದೇವಿ, ಅವರೂ ಅದಾರ. ಕೂಗೂದ ಒಂದ ಬಾಕಿ.”

ಮೈದಾನದಲ್ಲಿ, ಬ್ಯಾಂಡಿನೊಂದಿಗೆ, ಪುಕ್ಕಟೆಯಾಗಿ ನಿಶ್ಚಯ. ಜಟ್ಟೆಪ್ಪನಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಡಿಪೋದಲ್ಲಿ ಕೇಳಿದ, ಅವರಿಗೂ ಕಾಣಲಿಲ್ಲ.

ಆ ಸಂಜೆ ಭಾಗ್ಯಾ ನಡುಮನೆಗೆ ಬಂದು ನಿಂತಳು. “ಅಪ್ಪಾ, ನನಗ ಒಂದ ಮಾತ ಹೇಳೂದಿತ್ತು.”

“ಹೇಳವಾ,” ಎಂದ ಜಟ್ಟೆಪ್ಪ ಪ್ರೀತಿಯಿಂದ. ಕಾಡವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಭಾಗೀರಥಿ ಬಾಗಿಲಿಗೆ ಬಂದಳು. ಮೂರೂ ಮುಖಗಳು ಅವಳ ಕಡೆಗೇ ತಿರುಗಿದವು. ಭಾಗ್ಯಾ ಬಾಯಿ ತೆರೆದಳು.

“ಚಾ ಮಾಡಲೇನ?” ಎಂದಳು.

“ಇಷ್ಟಕ್ಕ ಕೇಳಬೇಕೇನ,” ಎಂದಳು ಭಾಗೀರಥಿ. “ನನಗ ಸಕ್ರಿ ಮುಂದ ಇರಲಿ.”

ಫೈನಲ್ ಬೈಲಹೊಂಗಲದಲ್ಲೇ ನಡೆಯಿತು, ಸವದತ್ತಿಗೂ ರಾಮದುರ್ಗಕ್ಕೂ. ರಾಮದುರ್ಗದವರು ತಮ್ಮೂರಿನ ಆಟಗಾರರಿಗಿಂತ ಹೆಚ್ಚು ಮರ್ಯಾದೆಯನ್ನು ಭಾಗ್ಯಾಳಿಗೆ ಕೊಟ್ಟರು. ಅವಳಿಗೆಂದು ಒಂದು ಕುರ್ಚಿ ತಂದಿಟ್ಟರು, ತಂಪು ನೀರು ಕೊಟ್ಟರು. “ಬಿಸಲಾಗ ಕುಂದರಬ್ಯಾಡ ತಂಗಿ. ನಿನ್ನ ಮ್ಯಾಲ ನಮ್ಮ ಕಪ್ ನಿಂತೈತಿ,” ಎಂದ ಒಬ್ಬ ಹಿರಿಯ ನಿಜವಾದ ಕಳಕಳಿಯಿಂದ. ಎದುರುಗಡೆಯ ಮೊದಲ ಸಾಲಿನಲ್ಲಿ ಮರೆವ್ವ ಹೊಸ ಇಳಕಲ್ ಸೀರೆಯುಟ್ಟು, ಮುಚ್ಚಿದ ತಾಟು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಪಕ್ಕದಲ್ಲಿ ಜಟ್ಟೆಪ್ಪ, ಇಸ್ತ್ರಿ ಮಾಡಿದ ಅಂಗಿ. ಬ್ಯಾಂಡಿನವರು ತುತ್ತೂರಿ ಒರೆಸುತ್ತಿದ್ದರು. ವೀರಪ್ಪ ಕೂಗುವ ಹೊತ್ತು ತಪ್ಪಬಾರದೆಂದು ಆಟದ ನಡುವಿನಿಂದಲೇ ಮೈಕನ್ನು ಕೈಯಲ್ಲಿ ಹಿಡಿದಿದ್ದ.

ಕೊನೆಗೆ ಎರಡೂ ಕಡೆ ಅಂಕ ಸರಿಸಮವಾದವು. ಕಡೆಯ ರೇಡು ಸವದತ್ತಿಯದು. ಕಾಂತೇಶ ಚಪ್ಪಲಿ ಬಿಟ್ಟು, ಅವುಗಳನ್ನು ನೀಟಾಗಿ ಜೋಡಿಸಿಟ್ಟು, ಗೆರೆ ದಾಟಿದ.

ಅವನು ಎಡಗಾಲು ಚಾಚಿದ. ಭಾಗ್ಯಾ ಕುರ್ಚಿ ಬಿಟ್ಟು ಎಡಕ್ಕೆ ಸರಿದಳು, ಚಾಚಿದ ಕಾಲು ತನಗೆ ಕಾಣದಂತಾದರೆ ಅವನು ಮತ್ತೆ ಜಿಗಿದಾನೆಂದು. ಅವಳಿಗೆ ಸರಿಯಾಗಿ ಕಾಣಲಿಲ್ಲವೆಂದು ತಿಳಿದು ಅವನೂ ಎಡಕ್ಕೆ ಸರಿದ. ಅವನ ಕಾಲನ್ನೇ ನೆಚ್ಚಿಕೊಂಡಿದ್ದ ರಾಮದುರ್ಗದವರೆಲ್ಲ ಎಡಕ್ಕೆ ಸರಿದರು. ಅವಳು ಬಲಕ್ಕೆ ಹೋದಳು. ಇಡೀ ಕಬಡ್ಡಿ ಬಲಕ್ಕೆ ಹೋಯಿತು.

ರೆಫರಿ ದೈಹಿಕ ಶಿಕ್ಷಕ ರಾಮಲಿಂಗಪ್ಪನವರು. ನಿಯಮದ ಪುಸ್ತಕ ಬಾಯಿಪಾಠವಿದ್ದವರು. ಅದರಲ್ಲಿ ಇದಕ್ಕೆ ನಿಯಮವಿರಲಿಲ್ಲ. ಇಲ್ಲದ್ದರಿಂದ ಬಹಳ ಹೊತ್ತು ಸೀಟಿ ಊದಿದರು. ಆಟ ನಿಂತಿತು.

“ಕ್ಯಾಮೆರಾದಾಕಿ, ಇಲ್ಲಿ ಕೇಳವಾ,” ಎಂದರು. “ನೀ ಸರದ್ರ ಇಂವ ಸರೀತಾನ, ಇಂವ ಸರದ್ರ ಇಡೀ ರಾಮದುರ್ಗ ಸರೀತೈತಿ. ಹಿಂಗ ಸರಕೋಂತ ಹೋದ್ರ ಬಸ್ ಸ್ಟ್ಯಾಂಡ್ ಮುಟ್ಟತೇವಿ. ನಿಂದ ಏನ ತಕರಾರ ಐತಿ, ಬಾಯಿ ಬಿಟ್ಟ ಹೇಳು. ಹೇಳೂತನಾ ಸೀಟಿ ಊದಂಗಿಲ್ಲ ನಾ.”

“ನಾಚಿಕಿರಿ ಸರ ಆಕಿಗೆ,” ಎಂದಳು ಮರೆವ್ವ ಎದ್ದು ನಿಂತು. “ಹಿರಿಯಾರ ಮುಂದ ಗಂಡನ ಪಾದಾ ಹೆಂಗ ನೋಡಬೇಕಂತ.”

“ಆಕಿ ಹೇಳಂಗಿಲ್ರಿ,” ಎಂದ ಜಟ್ಟೆಪ್ಪ. “ಸಾಲ್ಯಾಗ ಹಾಜರಿ ಕೂಗಿದ್ರೂ ಹೂಂ ಅಂದಾಕಿ ಅಲ್ಲ. ಐದನೇ ಕ್ಲಾಸಿನಾಗ ವರ್ಷಪೂರ್ತಿ ಗೈರಹಾಜರಿ ಬಿದ್ದೈತಿ, ಮುಂದಿನ ಬೆಂಚಿನಾಗ ಕುಂತ.”

“ನಿಶ್ಚೇ ಈಗ ಕೂಗಿಬಿಡಲೇನ್ರಿ ಹಂಗಾರ?” ಎಂದು ವೀರಪ್ಪ ಮೈಕಿನೊಂದಿಗೆ ಓಡಿಬಂದ. “ಮನಸ ನೆಲಿಗೆ ಬರತೈತಿ.”

“ಒಂದ ಫೋಟೋ ಹೊಡದ ಮುಗಸ್ರಿ ಅಕ್ಕಾರ,” ಎಂದ ರಾಮದುರ್ಗದ ಮೂಲೆಯವನು ಬಗ್ಗಿದ ಸೊಂಟ ಎತ್ತದೆಯೇ. “ಕಾಲಿನ ಹಿಂಬಡ ಹಿಡಿಯಾಕ ನಮಗ ತಡಾ ಆಗಾಕತ್ತೈತಿ.”

ಕಾಂತೇಶ ಇಷ್ಟು ಹೊತ್ತೂ ಒಂಟಿಗಾಲಲ್ಲಿ ನಿಂತೇ ಇದ್ದ. ಅವನು ಭಾಗ್ಯಾಳೊಡನೆ ಇದುವರೆಗೆ ಒಂದು ಮಾತನ್ನೂ ಆಡಿರಲಿಲ್ಲ. ಈಗ ಗಂಟಲು ಸರಿಮಾಡಿಕೊಂಡು, ಯಾರಿಗೂ ಕೇಳಿಸದ ಹಾಗೆ ಮೆಲ್ಲಗೆ ಕೇಳಿದ.

“ಎ‌ಡಗಾಲ ಬ್ಯಾಡಾದ್ರ ಬಲಗಾಲ ಇಡಲೇನ್ರಿ?”

ಭಾಗ್ಯಾ ಲೆನ್ಸ್ ಇಳಿಸಿ ತಲೆಯೆತ್ತಿದಳು. ಅವನ ಮುಖವನ್ನು ಅವಳು ಕ್ಯಾಮೆರಾ ಇಲ್ಲದೆ ನೋಡಿದ್ದು ಅದೇ ಮೊದಲು. ಬೆವರಿಳಿದ, ದುಂಡನೆಯ, ತಪ್ಪು ಉತ್ತರ ಬರೆದೆನೇನೋ ಎಂದು ಮಾಸ್ತರರ ಕಡೆ ನೋಡುವ ಹುಡುಗನ ಮುಖ. ಅವಳಿಗಿಂತ ಅವನೇ ಹೆಚ್ಚು ಹೆದರಿದ್ದ. ವೀರಪ್ಪನ ಮೈಕು ಅವಳ ಗಲ್ಲದ ಹತ್ತಿರವೇ ಇತ್ತು, ಚಾಲೂ ಇತ್ತು. ಮೈದಾನದ ನಾಲ್ಕೂ ಮೂಲೆಯ ಧ್ವನಿವರ್ಧಕಗಳಿಂದ ಮೊದಲು ಒಂದು ಉಸಿರು ಕೇಳಿಸಿತು. ಆಮೇಲೆ ಬೈಲಹೊಂಗಲದವರು ಯಾರೂ ಅದುವರೆಗೆ ಕೇಳಿರದ ಒಂದು ಧ್ವನಿ.

“ಕಾಲ ಕೆಳಗ ಇಡ್ರಿ. ನೀವು ಜಿಗಿಯೂದ ಭಾಳ ಚಂದ ಐತ್ರಿ. ನನಗ ಅದಷ್ಟ ಬೇಕು, ನೀವ ಬ್ಯಾಡ.”